ಈ ಸಾವುಗಳಿಗೆ ಸಹಿ ಹಾಕಿದವರು

ಅಮೆರಿಕದಲ್ಲಿ ಇನ್ಸುಲಿನ್‌ಗೆ ಬರ ಬಂದಿಲ್ಲ. ಮೊದಲು ಈ ಮಾತು ಹೇಳಿಬಿಡಬೇಕು. ಅಲ್ಲಿ ಯುದ್ಧವಿಲ್ಲ, ದಿಗ್ಬಂಧನವಿಲ್ಲ, ಕಾರ್ಖಾನೆ ಸುಟ್ಟುಹೋಗಿಲ್ಲ. ಊರೂರಿನ ಔಷಧಿ ಅಂಗಡಿಗಳ ಫ್ರಿಜ್ಜಿನಲ್ಲಿ ಇನ್ಸುಲಿನ್ ಪೆಟ್ಟಿಗೆಗಳು ಸಾಲಾಗಿ ಕೂತಿವೆ. ಆ ಫ್ರಿಜ್ಜಿಗೂ ಕೌಂಟರಿನ ಈಚೆ ನಿಂತವನಿಗೂ ನಡುವೆ ಇರುವುದು ನಾಲ್ಕು ಹೆಜ್ಜೆ. ಅಷ್ಟು ದಾಟಲಾಗದೆ ಜನ ಸತ್ತಿದ್ದಾರೆ. ಅದನ್ನು ಕಾಯಿಲೆಯ ಸಾವು ಎಂದು ಬರೆದುಕೊಂಡು ಮುಂದೆ ಹೋಗಲು ನನಗೆ ಒಪ್ಪಿಗೆಯಿಲ್ಲ.

ಅಲೆಕ್ ಸ್ಮಿತ್ ಎಂಬ ಹುಡುಗನ ಕತೆ ಅಮೆರಿಕಕ್ಕೆಲ್ಲ ಗೊತ್ತು. ಅವನ ಹೆಸರಿನಲ್ಲಿ ಮಿನೆಸೋಟ ರಾಜ್ಯದಲ್ಲಿ ಒಂದು ಕಾನೂನೇ ಇದೆ. ಟೈಪ್ 1 ಸಕ್ಕರೆ ಕಾಯಿಲೆ. ಮಿನಿಯಾಪೊಲಿಸ್‌ನಲ್ಲಿ ರೆಸ್ಟೋರೆಂಟ್ ಮ್ಯಾನೇಜರ್. ವರ್ಷಕ್ಕೆ ಸುಮಾರು 35 ಸಾವಿರ ಡಾಲರ್ ದುಡಿಮೆ. ಅಲ್ಲಿನ ಕಾನೂನಿನ ಪ್ರಕಾರ ಮಕ್ಕಳು ತಂದೆತಾಯಿಯ ವಿಮೆಯಲ್ಲಿ ಇರಬಹುದಾದದ್ದು 26ನೇ ಹುಟ್ಟುಹಬ್ಬದ ತನಕ. 2017ರಲ್ಲಿ ಅವನಿಗೆ 26 ತುಂಬಿತು, ಅಮ್ಮನ ವಿಮೆ ಕೈಬಿಟ್ಟಿತು. ಸ್ವಂತಕ್ಕೆ ಕೊಳ್ಳಲು ಹೋದರೆ ಸಿಕ್ಕಿದ್ದು ತಿಂಗಳಿಗೆ 450 ಡಾಲರ್ ಕಂತಿನ ಪಾಲಿಸಿ. ಅದರ ಮೇಲೆ 7,600 ಡಾಲರ್ ಡಿಡಕ್ಟಿಬಲ್. ಅಂದರೆ ತಿಂಗಳು ತಿಂಗಳು ಕಂತು ಕಟ್ಟುತ್ತಾ, ಅದಲ್ಲದೆ ಕೈಯಿಂದ 7,600 ಡಾಲರ್ ಖರ್ಚು ಮಾಡಿದ ಮೇಲಷ್ಟೇ ವಿಮೆ ಕಣ್ಣು ತೆರೆಯುತ್ತದೆ. ಸರ್ಕಾರದ ನೆರವಿಗೆ ಅವನ ಸಂಬಳ ಹೆಚ್ಚಾಯಿತು, ಬದುಕುವುದಕ್ಕೆ ಕಡಿಮೆಯಾಯಿತು. ಪಾಲಿಸಿ ಬಿಟ್ಟು ನೇರವಾಗಿ ಔಷಧಿ ಕೊಳ್ಳಲು ನೋಡಿದ. ಇನ್ಸುಲಿನ್ನು, ಸೂಜಿ, ಸಕ್ಕರೆ ಅಳೆಯುವ ಸ್ಟ್ರಿಪ್ಪು ಎಲ್ಲ ಸೇರಿ ತಿಂಗಳಿಗೆ 1,300 ಡಾಲರ್. ಸಂಬಳ ಬರುವ ತನಕ ಇದ್ದುದನ್ನೇ ಎಳೆದಾಡಿ ಸಾಗಿಸೋಣ ಎಂದುಕೊಂಡ. ವಿಮೆ ಹೋಗಿ ತಿಂಗಳು ತುಂಬುವ ಮೊದಲೇ, ಸಂಬಳಕ್ಕೆ ಮೂರು ದಿನ ಇರುವಾಗ, ತನ್ನ ಬಾಡಿಗೆ ಮನೆಯಲ್ಲಿ ಒಬ್ಬನೇ ಸತ್ತ.

ಈ ಸಾವು ಹೇಗಿರುತ್ತದೆ ಎಂಬುದನ್ನು ಲೆಕ್ಕಪತ್ರ ಬರೆಯುವವರು ತಿಳಿದಿರಬೇಕು. ಟೈಪ್ 1ರಲ್ಲಿ ಮೇದೋಜ್ಜೀರಕದ ಬೀಟಾ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಕೊಂದುಹಾಕಿರುತ್ತದೆ. ಇದು ತಿಂದು ಬರಿಸಿಕೊಂಡ ಕಾಯಿಲೆಯಲ್ಲ, ಪಥ್ಯದಿಂದ ಹೋಗುವುದೂ ಅಲ್ಲ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ರಕ್ತದ ತುಂಬ ಸಕ್ಕರೆ ಇದ್ದೂ ದೇಹಕ್ಕೆ ಉಪವಾಸ. ಕೊಬ್ಬು ಕರಗಿ ಕೀಟೋನ್ ಆಗುತ್ತದೆ, ರಕ್ತ ಹುಳಿಯಾಗುತ್ತದೆ. ತಡೆಯಲಾರದ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಉಬ್ಬಸದಂಥ ಆಳದ ಉಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ, ಆಮೇಲೆ ಮಂಪರು. ಎಷ್ಟೋ ಜನ ಇದನ್ನು ಫ್ಲೂ ಎಂದುಕೊಂಡು ಮಲಗುತ್ತಾರೆ. ನೂರು ವರ್ಷಗಳ ಹಿಂದೆ ಇನ್ಸುಲಿನ್ ಇಲ್ಲದ ಕಾಲದಲ್ಲಿ ಮಕ್ಕಳು ಹೀಗೆಯೇ ಸಾಯುತ್ತಿದ್ದರು. ಆಗ ವೈದ್ಯರ ಬಳಿ ಔಷಧಿ ಇರಲಿಲ್ಲ. ಈಗ ಇದೆ, ಬೀಗದೊಳಗಿದೆ.

ಸತ್ತವರಾದರೂ ಸುದ್ದಿಯಾಗುತ್ತಾರೆ, ಸಾಯದೆ ಸವೆಯುವವರು ಆಗುವುದಿಲ್ಲ. 2022ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 13 ಲಕ್ಷ ವಯಸ್ಕರು, ಇನ್ಸುಲಿನ್ ಬಳಸುವ ಪ್ರತಿ ಆರು ಮಂದಿಯಲ್ಲಿ ಒಬ್ಬರು, ಖರ್ಚಿಗೆ ಹೆದರಿ ಡೋಸ್ ತಪ್ಪಿಸುತ್ತಿದ್ದರು, ಕಡಿಮೆ ಮಾಡಿಕೊಳ್ಳುತ್ತಿದ್ದರು, ಅಥವಾ ಕೊಳ್ಳುವುದನ್ನು ಮುಂದೂಡುತ್ತಿದ್ದರು. ಹತ್ತು ಯೂನಿಟ್ ಬೇಕಾದಲ್ಲಿ ಆರು. ರಾತ್ರಿಯ ಊಟ ಬಿಟ್ಟರೆ ರಾತ್ರಿಯ ಡೋಸೂ ಉಳಿಯುತ್ತದೆ ಎಂಬ ಲೆಕ್ಕ. ಇದರ ಬಿಲ್ಲು ಮರುದಿನ ಬರುವುದಿಲ್ಲ. ಹತ್ತು ವರ್ಷದ ಮೇಲೆ ಕಣ್ಣಿನ ಪರದೆಯಲ್ಲಿ, ಕಿಡ್ನಿಯಲ್ಲಿ, ಮರಗಟ್ಟಿದ ಪಾದದಲ್ಲಿ ಬರುತ್ತದೆ. 1972ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿ, ಕಿಡ್ನಿ ಪೂರ್ತಿ ಕೈಕೊಟ್ಟ ಬಹುತೇಕ ಎಲ್ಲರಿಗೂ, ವಯಸ್ಸು ಎಷ್ಟೇ ಇರಲಿ, ಡಯಾಲಿಸಿಸ್ ವೆಚ್ಚವನ್ನು ಸರ್ಕಾರಿ ವಿಮೆಗೆ ಸೇರಿಸಿತು. ಒಳ್ಳೆಯ ಕಾನೂನೇ. ಆದರೆ ಅದರ ಪಕ್ಕದಲ್ಲಿ ಇದನ್ನಿಟ್ಟು ನೋಡಿ: ಕಿಡ್ನಿ ಉಳಿಸುವ ಇನ್ಸುಲಿನ್‌ಗೆ ದುಡ್ಡು ನೀನೇ ತಾ, ಕಿಡ್ನಿ ಹಾಳಾದ ಮೇಲೆ ಬಾ, ಯಂತ್ರದ ಖರ್ಚು ನಮ್ಮದು. ಒಂದು ದೇಹವನ್ನು ಹೀಗೆ ಕೈಯಾರೆ ಕೆಡಿಸಿ ಆಮೇಲೆ ರಿಪೇರಿಗೆ ಕೂರುವ ವ್ಯವಸ್ಥೆಯನ್ನು ಏನೆಂದು ಕರೆಯಬೇಕು?

ಬೆಲೆಗೆ ಬರೋಣ. ಎಲಿ ಲಿಲ್ಲಿ ಕಂಪನಿಯ ಹ್ಯೂಮಲಾಗ್ 1996ರಲ್ಲಿ ಮಾರುಕಟ್ಟೆಗೆ ಬಂದಾಗ ಒಂದು ಬಾಟಲಿಗೆ 21 ಡಾಲರ್. ಇಪ್ಪತ್ತೊಂದು ವರ್ಷ ಕಳೆಯುವಷ್ಟರಲ್ಲಿ ಸುಮಾರು 275 ಡಾಲರ್. ಅದೇ ಬಾಟಲಿ, ಅದೇ ಹತ್ತು ಮಿಲಿಲೀಟರ್, ಅದೇ ಅಣು. ಅನೇಕರಿಗೆ ತಿಂಗಳಿಗೆ ಒಂದು ಬಾಟಲಿ ಸಾಲುವುದಿಲ್ಲ. ಇಂಥ ಹೊಸ ಬಗೆಯ ಇನ್ಸುಲಿನ್ನನ್ನು ಒಬ್ಬ ರೋಗಿಗೆ ವರ್ಷವಿಡೀ ಒದಗಿಸಲು ತಯಾರಿಕೆಯ ಖರ್ಚು, ಲಾಭವನ್ನೂ ಸೇರಿಸಿಕೊಂಡು, 78ರಿಂದ 133 ಡಾಲರ್ ಆದೀತು ಎಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು. ವರ್ಷಕ್ಕೆ! ಜಗತ್ತಿನ ಇನ್ಸುಲಿನ್ ಮಾರುಕಟ್ಟೆಯ ಬಹುಪಾಲು ಮೂರೇ ಕಂಪನಿಗಳ ಕೈಯಲ್ಲಿದೆ: ಎಲಿ ಲಿಲ್ಲಿ, ನೋವೊ ನಾರ್ಡಿಸ್ಕ್, ಸನೋಫಿ. ಒಂದು ಬೆಲೆ ಏರಿಸಿದ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿ, ಇನ್ನೊಂದು ಏರಿಸುತ್ತಿದ್ದುದನ್ನು ಅಮೆರಿಕದ ಸೆನೆಟ್ ಹಣಕಾಸು ಸಮಿತಿ 2021ರ ಜನವರಿಯಲ್ಲಿ ದಾಖಲೆ ಸಮೇತ ಹೊರಗಿಟ್ಟಿತು.

ಕಂಪನಿಗಳ ದುರಾಸೆ ಎಂದಷ್ಟೇ ಹೇಳಿ ಮುಗಿಸುವುದು ಸುಲಭ. ನನ್ನ ಸಿಟ್ಟು ಅದಕ್ಕಿಂತ ಒಳಗಿನದು. ಆ 275 ಡಾಲರನ್ನು ನಿಜವಾಗಿ ಕೊಡುತ್ತಿದ್ದವರು ಯಾರು ಎಂದು ನೋಡಿ. ಒಳ್ಳೆಯ ವಿಮೆ ಇದ್ದವರಲ್ಲ. ವಿಮಾ ಕಂಪನಿಯೂ ಅಲ್ಲ. ನಡುವೆ ಫಾರ್ಮಸಿ ಬೆನಿಫಿಟ್ ಮ್ಯಾನೇಜರ್ ಎಂಬ ಮಧ್ಯವರ್ತಿಗಳಿದ್ದಾರೆ. ಸಿವಿಎಸ್ ಕೇರ್‌ಮಾರ್ಕ್, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್, ಆಪ್ಟಮ್ ಆರ್‌ಎಕ್ಸ್ ಈ ಮೂರರ ಕೈಯಲ್ಲೇ ದೇಶದ ಔಷಧಿ ಚೀಟಿಗಳ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಹಾದುಹೋಗುತ್ತದೆ. ಯಾವ ಔಷಧಿಗೆ ವಿಮೆ ಸಿಗಬೇಕು, ಯಾವುದಕ್ಕೆ ಬೇಡ ಎಂಬ ಪಟ್ಟಿ ಇವರದು. ಆ ಪಟ್ಟಿಯಲ್ಲಿ ಜಾಗ ಬೇಕೆಂದರೆ ಔಷಧಿ ಕಂಪನಿ ಬೆಲೆಯ ಒಂದು ಪಾಲನ್ನು ರಿಬೇಟ್ ಎಂದು ಹಿಂಬಾಗಿಲಿನಿಂದ ವಾಪಸು ಕೊಡಬೇಕು. ಕಂಪನಿ ಘೋಷಿಸಿದ ಬೆಲೆ ಹೆಚ್ಚಿದ್ದಷ್ಟೂ ರಿಬೇಟ್ ದೊಡ್ಡದು. ಇನ್ಸುಲಿನ್‌ನಲ್ಲಿ ಅದು ಬೆಲೆಯ ಅರ್ಧವನ್ನೂ ಮೀರಿ ಹೋಗಿತ್ತು. ಆದರೆ ಡಿಡಕ್ಟಿಬಲ್ ಮುಗಿಯದವನು, ಕಳಪೆ ಪಾಲಿಸಿಯವನು, ಪಾಲಿಸಿಯೇ ಇಲ್ಲದವನು ಕೌಂಟರಿನಲ್ಲಿ ಕೊಡುವುದು ರಿಬೇಟ್ ಕಳೆಯದ ಪೂರ್ತಿ ಬೆಲೆ. ಪಾಲಿಸಿ ಇದ್ದರೂ ಅದರ ಹೆಸರಿನಲ್ಲಿ ಬಂದ ರಿಬೇಟ್ ಅವನಿಗೆ ಬರುವುದಿಲ್ಲ. ಮಧ್ಯವರ್ತಿ ತನ್ನ ಪಾಲು ಹಿಡಿದುಕೊಂಡ ಮೇಲೆ ಅದು ವಿಮಾ ಯೋಜನೆಯ ಬೊಕ್ಕಸಕ್ಕೆ ಹೋಗುತ್ತದೆ. ಎಲ್ಲರ ಕಂತು ಒಂದಿಷ್ಟು ಕಡಿಮೆ ಇರಲಿ ಎಂದು.

ಇದನ್ನು ನಿಧಾನವಾಗಿ ಇನ್ನೊಮ್ಮೆ ಓದಬೇಕು. ವಿಮೆ ಎಂದರೆ ಆರೋಗ್ಯವಂತರು ಸೇರಿ ಕಾಯಿಲೆ ಬಿದ್ದವನ ಭಾರ ಹೊರುವುದು. ಇಲ್ಲಿ ಕಾಯಿಲೆ ಬಿದ್ದವನು ಕೌಂಟರಿನಲ್ಲಿ ದುಪ್ಪಟ್ಟು ತೆತ್ತು ಆರೋಗ್ಯವಂತರ ಕಂತು ಇಳಿಸುತ್ತಿದ್ದಾನೆ. ಬೆಳಗ್ಗೆ ಎದ್ದು ಜಾಗಿಂಗ್ ಹೋಗುವವನ ವಿಮೆಗೆ ದುಡ್ಡು ಕೊಡುತ್ತಿರುವವನು ಡೋಸ್ ಅರ್ಧ ಮಾಡಿಕೊಂಡವನು. ವಿಮೆ ಎಷ್ಟು ಕಳಪೆಯೋ ಈ ದಂಡ ಅಷ್ಟು ದೊಡ್ಡದು. ಇದು ಯಾರದೋ ಕಣ್ತಪ್ಪಿನಿಂದ ಉಳಿದ ಕಂದಕವಲ್ಲ. ವರ್ಷ ವರ್ಷ ಕೂತು, ಒಪ್ಪಂದ ಬರೆದು, ಕಾಲಂ ಕೂಡಿಸಿ, ಸಹಿ ಹಾಕಿ ಮಾಡಿದ ಏರ್ಪಾಡು. ಆ ಕಾಲಮ್ಮಿನ ಕೊನೆಯಲ್ಲಿ ಒಂದು ಜೀವ ಇದೆ ಎಂದು ಸಹಿ ಹಾಕುವಾಗ ಯಾರೂ ತಲೆ ಎತ್ತಿ ನೋಡಲಿಲ್ಲ, ಅಷ್ಟೇ. ಆ ಅಲಕ್ಷ್ಯವನ್ನೇ ನಾನು ಅಪರಾಧ ಎನ್ನುತ್ತಿರುವುದು.

ಸಾಕ್ಷಿ ಬೇಕೇ? ನಮ್ಮ ಬೆಂಗಳೂರೇ ಸಾಕ್ಷಿ. ಇಲ್ಲಿನ ಬಯೋಕಾನ್ ಕಂಪನಿ ರೂಪಿಸಿದ ಗ್ಲಾರ್ಜಿನ್ ಇನ್ಸುಲಿನ್‌ಗೆ ಅಮೆರಿಕದ ಔಷಧಿ ಪ್ರಾಧಿಕಾರ 2021ರ ಜುಲೈನಲ್ಲಿ ವಿಶೇಷ ಮಾನ್ಯತೆ ಕೊಟ್ಟಿತು. ದುಬಾರಿ ಬ್ರ್ಯಾಂಡಿನ ಬದಲಿಗೆ ಔಷಧಿ ಅಂಗಡಿಯವರೇ ಇದನ್ನು ಕೊಡಬಹುದು. ಇನ್ಸುಲಿನ್‌ನಲ್ಲಿ ಇಂಥ ಮಾನ್ಯತೆ ಪಡೆದ ಮೊದಲ ಔಷಧಿ ಇದು. ಬೆಲೆ ಇಳಿಯಬೇಕಿತ್ತು. ಆದದ್ದೇನು? ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿನ ಪಾಲುದಾರ ಕಂಪನಿ ವಯಾಟ್ರಿಸ್ ಒಂದೇ ದ್ರವವನ್ನು ಎರಡು ಲೇಬಲ್ ಹಚ್ಚಿ ಬಿಡುಗಡೆ ಮಾಡಿತು. ಸೆಮ್‌ಗ್ಲೀ ಎಂಬ ಹೆಸರಿನ ಐದು ಪೆನ್ನಿನ ಪೊಟ್ಟಣಕ್ಕೆ 404 ಡಾಲರ್. ಬ್ರ್ಯಾಂಡ್ ಹೆಸರಿಲ್ಲದ ಅದೇ ಐದು ಪೆನ್ನಿಗೆ 148 ಡಾಲರ್. ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ತನ್ನ ಮುಖ್ಯ ಪಟ್ಟಿಗೆ ಆರಿಸಿಕೊಂಡದ್ದು 404ರದನ್ನು. ಅಗ್ಗದ್ದರಲ್ಲಿ ಹಿಂದಕ್ಕೆ ಬರುವ ದುಡ್ಡು ಕಡಿಮೆ. ಆಮೇಲೆ ಕ್ಯಾಲಿಫೋರ್ನಿಯ ರಾಜ್ಯ ಸಿವಿಕಾ ಎಂಬ ಲಾಭರಹಿತ ಸಂಸ್ಥೆಯ ಜೊತೆ ಸೇರಿ, ಇದೇ ಬಯೋಕಾನ್‌ನ ಗ್ಲಾರ್ಜಿನ್ನನ್ನು ತನ್ನ ಹೆಸರಿನಲ್ಲಿ ತರಲು ಹೊರಟಿತು. 2026ರ ಜನವರಿಯಿಂದ ಐದು ಪೆನ್ನಿಗೆ 55 ಡಾಲರ್ ಎಂದು ಘೋಷಿಸಿತು. ಒಂದೇ ಅಣು. 404, 148, 55. ಇದರಲ್ಲಿ ವಿಜ್ಞಾನದ ಬೆಲೆ ಯಾವುದು, ಸಂಶೋಧನೆಯ ಬೆಲೆ ಯಾವುದು ಎಂದು ಯಾರಾದರೂ ಬಂದು ನನಗೆ ತೋರಿಸಲಿ.

ನೋವೊ ನಾರ್ಡಿಸ್ಕ್‌ನ ಲೆವೆಮಿರ್‌ದು ಇನ್ನೊಂದು ಪಾಡು. ಗರ್ಭಿಣಿಯರಿಗೆ ಎಷ್ಟೋ ವೈದ್ಯರು ನೆಚ್ಚಿಕೊಂಡಿದ್ದ ಇನ್ಸುಲಿನ್ ಅದು. ಅದರ ಬೆಲೆಯನ್ನು ಶೇಕಡಾ 65ರಷ್ಟು ಇಳಿಸುತ್ತೇವೆ ಎಂದು 2023ರಲ್ಲಿ ಕಂಪನಿ ಘೋಷಿಸಿತು. ಅದೇ ವರ್ಷ ಮುಗಿಯುವುದರೊಳಗೆ, ಅಮೆರಿಕದಲ್ಲಿ ಅದನ್ನು ಮಾರುವುದನ್ನೇ ನಿಲ್ಲಿಸುತ್ತೇವೆ ಎಂದಿತು. ತಯಾರಿಕೆಯ ತೊಡಕು ಎಂದಿತು, ವಿಮಾ ಪಟ್ಟಿಗಳಿಂದ ಹೊರಬಿದ್ದಿದೆ ಎಂದಿತು. ಅಗ್ಗವಾಗಲಿದ್ದ ಔಷಧಿ ಪಟ್ಟಿಯಿಂದ ಬಿತ್ತು, ಪಟ್ಟಿಯಿಂದ ಬಿದ್ದದ್ದು ಅಂಗಡಿಯಿಂದಲೇ ಹೋಯಿತು. ಬಸುರಿ ಹೆಂಗಸು ಹೊಸ ಔಷಧಿಗೆ ಹೊಂದಿಕೊಳ್ಳಲು ಮೊದಲಿನಿಂದ ಶುರುಮಾಡಬೇಕು. ಆ ವಾರಗಳಲ್ಲಿ ಅವಳ ಮಗುವಿಗೆ ಏನಾಗುತ್ತದೆ ಎಂಬುದು ಯಾವ ಒಪ್ಪಂದದ ಕಾಲಮ್ಮಿನಲ್ಲೂ ಇಲ್ಲ.

ಇದನ್ನೆಲ್ಲ ಹೇಳಿದರೆ ಕೂಡಲೇ ಸಿದ್ಧ ಉತ್ತರಗಳು ಬರುತ್ತವೆ. ವಾಲ್‌ಮಾರ್ಟ್‌ನಲ್ಲಿ 25 ಡಾಲರಿಗೆ ಇನ್ಸುಲಿನ್ ಸಿಗುತ್ತದಲ್ಲ? ಸಿಗುತ್ತದೆ. ಅದು ಹಳೆಯ ಬಗೆಯ ಮಾನವ ಇನ್ಸುಲಿನ್. ಎಷ್ಟೋ ಜನಕ್ಕೆ ಅದೇ ಸಾಕು, ಜಗತ್ತಿನ ತುಂಬ ಜನ ಅದರಲ್ಲೇ ಚೆನ್ನಾಗಿದ್ದಾರೆ. ಆದರೆ ಅದರ ಏರಿಳಿತ ಬೇರೆ, ಊಟದ ಹೊತ್ತಿನ ಲೆಕ್ಕ ಬೇರೆ. ವರ್ಷಗಟ್ಟಲೆ ಹೊಸದನ್ನು ತೆಗೆದುಕೊಂಡವರನ್ನು ವೈದ್ಯರ ಮಾರ್ಗದರ್ಶನವಿಲ್ಲದೆ ರಾತ್ರೋರಾತ್ರಿ ಹಳೆಯದಕ್ಕೆ ದೂಡಿದರೆ ಮಲಗಿದಲ್ಲೇ ಸಕ್ಕರೆ ಕುಸಿಯಬಹುದು, ಇಲ್ಲವೇ ನೂರಾರು ಅಂಕ ಏರಬಹುದು. ಹಾಗೆ ಬದಲಾಯಿಸಿಕೊಂಡು ಸತ್ತವರಿದ್ದಾರೆ. ವೈದ್ಯರನ್ನು ಕಾಣಲು ದುಡ್ಡಿಲ್ಲದವನಿಗೇ ಈ ಸಲಹೆ ಕೊಡುತ್ತಾರೆ ಎಂಬುದು ಇನ್ನೂ ಕ್ರೂರ.

ಈಗ 35 ಡಾಲರ್ ಮಿತಿ ಬಂದಿದೆಯಲ್ಲ ಎಂಬುದು ಇನ್ನೊಂದು ಉತ್ತರ. ಯಾರಿಗೆ ಬಂದಿದೆ? 2022ರ ಆಗಸ್ಟ್‌ನ ಕಾನೂನು 2023ರಿಂದ ಮೆಡಿಕೇರ್‌ನವರಿಗೆ, ಅಂದರೆ ಮುಖ್ಯವಾಗಿ 65 ದಾಟಿದವರಿಗೆ, ತಿಂಗಳಿಗೆ 35 ಡಾಲರ್ ಎಂದು ಕಟ್ಟು ಹಾಕಿತು. ಖಾಸಗಿ ವಿಮೆಗೂ ಅದೇ ಮಿತಿ ಇರಲಿ ಎಂಬ ಅಂಶವೂ ಮಸೂದೆಯಲ್ಲಿತ್ತು. ಸೆನೆಟ್‌ನಲ್ಲಿ ಅದರ ಪರ 57 ಮತ ಬಿತ್ತು, ವಿರುದ್ಧ 43. ಉಳಿಸಿಕೊಳ್ಳಲು 60 ಬೇಕಿತ್ತು. ಮೂರು ಮತ ಸಾಲದೆ ಅಲೆಕ್‌ನ ವಯಸ್ಸಿನ ಬಹುತೇಕರು ಹೊರಗುಳಿದರು. ಹಲವು ರಾಜ್ಯಗಳು ತಮ್ಮದೇ ಮಿತಿ ತಂದವು, ಕೊಲರಾಡೊ 2019ರಲ್ಲೇ ಮೊದಲು ತಂದಿತು. ಆದರೆ ರಾಜ್ಯದ ಕಾನೂನು ದೊಡ್ಡ ಕಂಪನಿಗಳು ಸ್ವಂತ ಹಣದಿಂದ ನಡೆಸುವ ವಿಮಾ ಯೋಜನೆಗಳನ್ನು ಮುಟ್ಟುವಂತಿಲ್ಲ. ಮಿನೆಸೋಟ ಅಲೆಕ್‌ನ ಹೆಸರಿನಲ್ಲಿ ತುರ್ತು ಇನ್ಸುಲಿನ್ ಕಾನೂನು ಮಾಡಿದಾಗ, ಅದು ಜಾರಿಗೆ ಬರುವ ಹಿಂದಿನ ದಿನ, 2020ರ ಜೂನ್ 30ರಂದು, ಔಷಧಿ ಕಂಪನಿಗಳ ಸಂಘ ಅದರ ವಿರುದ್ಧ ಕೋರ್ಟಿಗೆ ಹೋಯಿತು. ಸತ್ತ ಹುಡುಗನ ಹೆಸರಿದ್ದ ಕಾನೂನಿನ ಮೇಲೆ ದಾವೆ ಹೂಡಲು ಅವರ ಕೈ ನಡುಗಲಿಲ್ಲ.

2023ರಲ್ಲಿ ಮೂರೂ ಕಂಪನಿಗಳು ಶೇಕಡಾ 70, 75, 78ರವರೆಗೆ ಬೆಲೆ ಇಳಿಸುವುದಾಗಿ ಸಾಲಾಗಿ ಘೋಷಿಸಿದವು. ಹ್ಯೂಮಲಾಗ್ 66 ಡಾಲರಿಗೆ ಬಂತು. ಬೀದಿಗಿಳಿದವರ ಹೋರಾಟದ್ದು ಇದರಲ್ಲಿ ದೊಡ್ಡ ಪಾಲು. ಇನ್ನೊಂದು ಕಾರಣವೂ ಇತ್ತು: ಬಡವರ ವಿಮೆಯಾದ ಮೆಡಿಕೇಡ್‌ಗೆ ಕೊಡಬೇಕಾದ ರಿಬೇಟಿನ ಮೇಲಿದ್ದ ಮಿತಿ 2024ರ ಜನವರಿಯಿಂದ ರದ್ದಾಗುವುದಿತ್ತು. ಹಳೆಯ ಬೆಲೆ ಇಟ್ಟುಕೊಂಡರೆ ಪ್ರತಿ ಬಾಟಲಿಗೆ ಕಂಪನಿಯೇ ಸರ್ಕಾರಕ್ಕೆ ಕೈಯಿಂದ ಕೊಡಬೇಕಾಗುತ್ತಿತ್ತು. ಹಾಗಿದ್ದರೆ ಇಳಿಸಲು ಸಾಧ್ಯವಿತ್ತು. ಒಂದೇ ವರ್ಷದಲ್ಲಿ ಮುಕ್ಕಾಲು ಪಾಲು ಇಳಿಸಲು ಸಾಧ್ಯವಿತ್ತು! 2017ರಲ್ಲೂ ಸಾಧ್ಯವಿತ್ತು. ಆ ಆರು ವರ್ಷಗಳಲ್ಲಿ ಕಣ್ಣು ಕಳೆದುಕೊಂಡವರಿಗೆ, ಮಕ್ಕಳನ್ನು ಮಣ್ಣು ಮಾಡಿದವರಿಗೆ ಯಾರು ಉತ್ತರ ಹೇಳುತ್ತಾರೆ? 2018ರ ನವೆಂಬರಿನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಮ್ಯಾಸಚುಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿರುವ ಸನೋಫಿ ಕಚೇರಿಯ ಬಾಗಿಲಿಗೆ ಚಿತಾಭಸ್ಮ ಹಿಡಿದುಕೊಂಡು ಹೋದರು. ಮಗುವಿನ ಬೂದಿಯನ್ನು ಮನವಿಪತ್ರವಾಗಿ ಹೊತ್ತೊಯ್ಯುವ ಸ್ಥಿತಿ ಯಾವ ತಾಯಿಗೂ ಬರಬಾರದಿತ್ತು.

ಮರುವರ್ಷ ಮಿನೆಸೋಟದಿಂದ ರೋಗಿಗಳೂ ತಾಯಂದಿರೂ ವಾಹನಗಳಲ್ಲಿ ಗಡಿ ದಾಟಿ ಕೆನಡಾದ ಲಂಡನ್ ಎಂಬ ಊರಿಗೆ ಹೋಗಿ, ತಮ್ಮ ದೇಶದ ಬೆಲೆಯ ಹತ್ತರಲ್ಲೊಂದು ಭಾಗಕ್ಕೆ ಇನ್ಸುಲಿನ್ ಕೊಂಡು ತಂದರು. 1920ರ ಅಕ್ಟೋಬರ್ ಕೊನೆಯ ಒಂದು ರಾತ್ರಿ ಫ್ರೆಡರಿಕ್ ಬ್ಯಾಂಟಿಂಗ್ ನಿದ್ದೆಯಿಂದ ಎದ್ದು ಇನ್ಸುಲಿನ್ ಪ್ರಯೋಗದ ಮೊದಲ ಟಿಪ್ಪಣಿ ಗೀಚಿಕೊಂಡದ್ದು ಇದೇ ಊರಿನ ಮನೆಯಲ್ಲಿ. 1922ರ ಜನವರಿಯಲ್ಲಿ ಟೊರಾಂಟೊ ಆಸ್ಪತ್ರೆಯಲ್ಲಿ ಸಾವಿನ ಅಂಚಿನಲ್ಲಿದ್ದ 14ರ ಹುಡುಗನಿಗೆ ಅದನ್ನು ಕೊಟ್ಟರು, ಅವನು ಎದ್ದು ಕೂತ. ಬ್ಯಾಂಟಿಂಗ್ ಮತ್ತು ಜೊತೆಗಾರರು ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ಟರು. ಯಾರೊಬ್ಬರೂ ಇದರ ಮೇಲೆ ಏಕಸ್ವಾಮ್ಯ ಕಟ್ಟಿಕೊಳ್ಳಬಾರದು ಎಂಬುದೇ ಅದರ ಉದ್ದೇಶ. ಆ ಕೊಡುಗೆಯನ್ನು ಕೈಗೆ ತೆಗೆದುಕೊಂಡು ನಾವು ಮಾಡಿಟ್ಟಿರುವುದು ಇದು.

ಇದು ದೂರದ ದೇಶದ ಗೋಳು ಎಂದು ಕನ್ನಡದ ಓದುಗರು ಪುಟ ಮಗುಚಬಾರದು. ಸನಿವೇಲ್, ಡಲ್ಲಾಸ್, ನ್ಯೂಜೆರ್ಸಿಗಳಲ್ಲಿ ಎಚ್-1ಬಿ ವೀಸಾ ಮೇಲಿರುವ ನಮ್ಮವರ ವಿಮೆ ನೌಕರಿಗೆ ಗಂಟು ಹಾಕಿಕೊಂಡಿದೆ. ನೌಕರಿ ಹೋದರೆ ದೇಶದಲ್ಲಿರಲು 60 ದಿನ; ವಿಮೆ ಅದಕ್ಕೂ ಮೊದಲೇ, ಎಷ್ಟೋ ಕಡೆ ಆ ತಿಂಗಳ ಕೊನೆಗೇ, ನಿಲ್ಲುತ್ತದೆ. ಮುಂದುವರಿಸಬೇಕೆಂದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಕಂತು ತಾನೇ ಕಟ್ಟಬೇಕು. ಮನೆಯಲ್ಲಿ ಟೈಪ್ 1 ಇರುವ ಮಗುವಿದ್ದರೆ ಆ ಅಪ್ಪ ಅಮ್ಮ ರಾತ್ರಿ ಹೇಗೆ ಮಲಗುತ್ತಾರೆ? ಊರಿಂದ ಬರುವವರ ಕೈಲಿ ಐಸ್ ಪ್ಯಾಕ್‌ನಲ್ಲಿಟ್ಟು ಇನ್ಸುಲಿನ್ ತರಿಸಿಕೊಳ್ಳುವವರಿದ್ದಾರೆ. ಅಂಥವರಿಗೆ ಇಲ್ಲೇ ಒಂದು ಮಾತು: ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಮಿಲಿಲೀಟರಿಗೆ 40 ಯೂನಿಟ್, ಅಲ್ಲಿನ ಸಿರಿಂಜಿನ ಗುರುತು 100 ಯೂನಿಟ್ಟಿನ ಲೆಕ್ಕದ್ದು. ನೋಡದೆ ಎಳೆದರೆ ಮಗುವಿಗೆ ಹೋಗುವುದು ಬೇಕಾದ್ದರ ಅರ್ಧಕ್ಕೂ ಕಡಿಮೆ.

ಕರ್ನಾಟಕದಲ್ಲೂ ಇದೇ ಬುದ್ಧಿ ಬೇರೆ ರೂಪದಲ್ಲಿದೆ. ನಮ್ಮಲ್ಲಿ ಇನ್ಸುಲಿನ್ ಬೆಲೆಗೆ ಸರ್ಕಾರದ ಕಡಿವಾಣ ಇದೆ, ಅದು ದೊಡ್ಡ ಮಾತು. ಆದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುವುದು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾದರೆ. ದಿನದಿನದ ಇನ್ಸುಲಿನ್, ಸೂಜಿ, ಸ್ಟ್ರಿಪ್ ಅದರಲ್ಲಿ ಬರುವುದಿಲ್ಲ. ಹುಡುಗಿ ಪ್ರಜ್ಞೆ ತಪ್ಪಿ ಐಸಿಯು ಸೇರಿದರೆ ಕಾರ್ಡ್ ನಡೆಯುತ್ತದೆ, ಪ್ರಜ್ಞೆ ತಪ್ಪದಂತೆ ನೋಡಿಕೊಳ್ಳುವ ಔಷಧಿಗೆ ನಡೆಯುವುದಿಲ್ಲ. ಅಮೆರಿಕದ ಡಯಾಲಿಸಿಸ್ ಕಾನೂನಿಗೂ ಇದಕ್ಕೂ ಏನು ವ್ಯತ್ಯಾಸ? ಕೂಲಿ ಮಾಡುವವರ ಮನೆಯಲ್ಲಿ ಟೈಪ್ 1 ಮಗುವಿದ್ದರೆ ಮೊದಲು ನಿಲ್ಲುವುದು ಸ್ಟ್ರಿಪ್, ಕುರುಡಾಗಿ ಚುಚ್ಚುವುದು ಶುರುವಾಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇನ್ಸುಲಿನ್ ಇದೆಯೋ ಇಲ್ಲವೋ ಎಂದು ನೋಡಲು ದಿನಗೂಲಿ ಬಿಟ್ಟು ಬಸ್ಸು ಹತ್ತುವ ತಾಯಿಗೆ ‘ಸ್ಟಾಕ್ ಇಲ್ಲ, ಸೋಮವಾರ ಬಾ’ ಎನ್ನುವುದೂ ಸಹಿ ಹಾಕಿದಂತೆಯೇ.

ಅಮೆರಿಕದಲ್ಲಿ ದಾರಿ ಮತ್ತೆ ಕಿರಿದಾಗುತ್ತಿದೆ. ಸ್ವಂತಕ್ಕೆ ವಿಮೆ ಕೊಳ್ಳುವವರಿಗೆ ಸಿಗುತ್ತಿದ್ದ ಹೆಚ್ಚುವರಿ ಸಹಾಯಧನ 2025ರ ಕೊನೆಗೆ ಮುಗಿಯಿತು, ಕಂತುಗಳು ಏರಿದವು. ಜನ ಕಂತು ಇಳಿಸಿಕೊಳ್ಳಲು ದೊಡ್ಡ ಡಿಡಕ್ಟಿಬಲ್ ಇರುವ ಕಳಪೆ ಪಾಲಿಸಿಗೆ ಇಳಿಯುತ್ತಾರೆ. ಮತ್ತೆ ಅದೇ ಕೌಂಟರ್.

ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಡೈರೆಕ್ಟರ್, ವೈಸ್ ಪ್ರೆಸಿಡೆಂಟ್ ಎಂದು ಕೂತಿರುವ ಕನ್ನಡಿಗರಿಗೆ ನೇರವಾಗಿ ಹೇಳುತ್ತೇನೆ. ಡಿಡಕ್ಟಿಬಲ್ ಮುಗಿಯುವ ಮೊದಲೇ ಇನ್ಸುಲಿನ್‌ಗೆ ವಿಮೆ ಕೊಡಲು ತೆರಿಗೆ ನಿಯಮ ಅಡ್ಡ ಬರುತ್ತದೆ ಎಂಬ ನೆಪ 2019ರ ಜುಲೈನಲ್ಲೇ ಸತ್ತಿತು. ಅಲ್ಲಿನ ತೆರಿಗೆ ಇಲಾಖೆ ಕೊಡಬಹುದು ಎಂದು ಬರೆದು ಹೇಳಿತು. 2022ರ ಕಾನೂನು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಇನ್ನೂ ಕೊಡದ ಕಂಪನಿ ಕೊಡಲಾಗದೆ ಕೂತಿಲ್ಲ, ಕೊಡಬಾರದೆಂದು ತೀರ್ಮಾನಿಸಿ ಕೂತಿದೆ. ಈ ಸಲ ವಿಮೆ ಆರಿಸುವ ಸುತ್ತು ಬಂದಾಗ ನಿಮ್ಮ ಎಚ್‌ಆರ್‌ನವರನ್ನು ಕೇಳಿ: ನಮ್ಮ ಯೋಜನೆಯಲ್ಲಿ ಇನ್ಸುಲಿನ್ ಡಿಡಕ್ಟಿಬಲ್‌ನ ಹೊರಗಿದೆಯೇ? ಇನ್ಸುಲಿನ್ ಮೇಲೆ ಬಂದ ರಿಬೇಟ್ ಎಷ್ಟು, ಅದು ಯಾರ ಲೆಕ್ಕಕ್ಕೆ ಜಮೆಯಾಯಿತು? 404ರ ಪೊಟ್ಟಣ ಪಟ್ಟಿಯಲ್ಲಿದ್ದಾಗ 148ರದು ಏಕೆ ಇರಲಿಲ್ಲ? ಬಾಯಿಮಾತಿನ ಉತ್ತರ ಒಪ್ಪಬೇಡಿ, ಬರೆದು ಕೊಡಿ ಎನ್ನಿ. ‘ಅದು ಕಂಪನಿಯ ನೀತಿ’ ಎಂದರೆ, ಆ ನೀತಿಯ ಕೆಳಗೆ ಯಾರ ಸಹಿ ಇದೆ ಎಂದು ಹೆಸರು ಕೇಳಿ.